ಕನಿಕರಪಟ್ಟು ಕೊಂಡರೆ ಅಂಗಡಿಯವನಿಗೆ ಅದೂ ಒಂದು ಬೋಣಿ

ಚಿಕ್ಕಜಾಜೂರು ಜಂಕ್ಷನ್‌ನಲ್ಲಿ ಚಿತ್ರದುರ್ಗದ ಕಡೆಯ ಗಾಡಿಗೆ ಕಾಯುತ್ತಿದ್ದ ಒಬ್ಬರ ತೊಡೆ ಮೇಲೆ ತೂತು ಕೊರೆದ ರಟ್ಟಿನ ಡಬ್ಬಿ ಇತ್ತು. ಒಳಗೆ ಎರಡು ಲವ್ ಬರ್ಡ್ಸ್. "ಒಂದೇ ಪಂಜರಕ್ಕೆ ಇಪ್ಪತ್ತು ತುಂಬಿದ್ರು ಸರ್, ಕೆಳಗೆ ಒಂದು ಸತ್ತು ಬಿದ್ದಿತ್ತು. ನೋಡಕ್ಕಾಗ್ಲಿಲ್ಲ, ಇವೆರಡಾದ್ರೂ ಬದುಕ್ಲಿ ಅಂತ ತಂದೆ" ಅಂದರು.

ಅವರ ಮನಸ್ಸು ಒಳ್ಳೆಯದೇ. ಆದರೆ ಅಂಗಡಿಯವನ ಲೆಕ್ಕದಲ್ಲಿ ಅದು ಎರಡು ಹಕ್ಕಿಯ ವ್ಯಾಪಾರ, ಅಷ್ಟೇ. ಖಾಲಿಯಾದ ಜಾಗಕ್ಕೆ ಸಂಜೆಯೊಳಗೆ ಇನ್ನೆರಡು ಬಂದಿರುತ್ತವೆ. ಹಾಗಾದರೆ ಇಂಥದ್ದನ್ನು ಕಂಡವರು ಮಾಡಬೇಕಾದ್ದೇನು? ದೂರು ಕೊಡಬೇಕು, ಸರಿ. ಯಾವ ಕಾನೂನಿನ ಕೆಳಗೆ ಅನ್ನುವಲ್ಲಿ ಕಥೆ ಶುರುವಾಗುತ್ತದೆ.

ನೇರವಾಗಿ ಅನ್ವಯಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ. ಪ್ರಾಣಿ ಓಡಾಡಲು ಆಗದಷ್ಟು ಇಕ್ಕಟ್ಟಿನ ಪಂಜರದಲ್ಲಿಡುವುದು ಅದರ 11ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ದಂಡ ಹತ್ತರಿಂದ ಐವತ್ತು ರೂಪಾಯಿ! ಅರವತ್ತು ವರ್ಷದ ಹಿಂದೆ ಅದು ದೊಡ್ಡ ಮೊತ್ತವೇ ಇದ್ದೀತು. ಇವತ್ತು ಒಂದು ಪೊಟ್ಟಣ ಹಕ್ಕಿ ಕಾಳಿನ ರೇಟು.

ಇನ್ನೊಂದು ಕಡೆ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. 2022ರ ತಿದ್ದುಪಡಿ ಬರುವವರೆಗೆ ವಿದೇಶಿ ಪ್ರಾಣಿಗಳು ಅದರ ಕೈಗೆ ಸಿಗುತ್ತಲೇ ಇರಲಿಲ್ಲ. ವಿಮಾನ ನಿಲ್ದಾಣ ದಾಟಿ ಒಳಗೆ ಬಂದರೆ ಮುಗಿಯಿತು, ಕೇಳುವವರಿಲ್ಲ. ಈಗ 'ಸೈಟಿಸ್' ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಜೀವಿಗಳು ನಮ್ಮ ಕಾಯ್ದೆಯ ನಾಲ್ಕನೇ ಅನುಸೂಚಿಗೆ ಸೇರಿವೆ. 2024ರ ಫೆಬ್ರುವರಿಯಲ್ಲಿ ಬಂದ ನಿಯಮದ ಪ್ರಕಾರ ಆಫ್ರಿಕನ್ ಗ್ರೇ ಗಿಳಿ, ಇಗುವಾನಾ, ಬಾಲ್ ಪೈಥಾನ್ ಇಟ್ಟುಕೊಂಡವರು ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮರಿ ಹಾಕಿದರೂ ಸತ್ತರೂ ತಿಳಿಸಬೇಕು. ಈ ಕಾಯ್ದೆ ಮುರಿದರೆ ಮೂರು ವರ್ಷದವರೆಗೆ ಜೈಲು, ಲಕ್ಷ ರೂಪಾಯಿವರೆಗೆ ದಂಡ.

ಅಂದರೆ, ಪ್ರಾಣಿ ಎಲ್ಲಿಂದ ಬಂತು ಅಂತ ಕೇಳುವ ಕಾನೂನಿಗೆ ಹಲ್ಲಿದೆ, ಅದನ್ನು ಹೇಗಿಟ್ಟಿದ್ದೀರಿ ಅಂತ ಕೇಳುವ ಕಾನೂನಿಗೆ ಇಲ್ಲ. ಇದರಲ್ಲಿ ಅತಿ ಹೆಚ್ಚು ನರಳುವುದು ಅಗ್ಗದ ಜೀವಗಳು. ನಮ್ಮಲ್ಲಿ ಲವ್ ಬರ್ಡ್ಸ್ ಅಂತ ಮಾರುವುದರಲ್ಲಿ ಹೆಚ್ಚಿನವು ಆಸ್ಟ್ರೇಲಿಯಾ ಮೂಲದ ಬಡ್ಜರಿಗರ್. ಅವು ಸೈಟಿಸ್ ಪಟ್ಟಿಯಲ್ಲಿಲ್ಲ, ನೋಂದಣಿಯೂ ಬೇಕಿಲ್ಲ. ಅವುಗಳ ಪಾಲಿಗೆ ಉಳಿದದ್ದು ಅದೇ ಐವತ್ತು ರೂಪಾಯಿ. (ಪಕ್ಕದ ಪಂಜರದಲ್ಲಿ ನಮ್ಮ ಊರಿನ ಹಸಿರು ಗಿಳಿ ಇದ್ದರೆ ಮಾತು ಬೇರೆ. ಅದನ್ನು ಮಾರುವುದೇ ಅಪರಾಧ.)

ದುಬಾರಿ ಪ್ರಾಣಿಗಳ ಪಾಡು ಬಾಗಿಲಲ್ಲೇ ಕಾಣುತ್ತದೆ. 2023ರ ಆಗಸ್ಟ್‌ನಲ್ಲಿ ಬ್ಯಾಂಕಾಕ್‌ನಿಂದ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬಂದವನ ಟ್ರಾಲಿ ಬ್ಯಾಗಿನಲ್ಲಿ 234 ಜೀವಿಗಳಿದ್ದವು. ಅದರಲ್ಲಿದ್ದ ಕಾಂಗರೂ ಮರಿ ಉಸಿರುಗಟ್ಟಿ ಸತ್ತಿತ್ತು. 2024ರ ಏಪ್ರಿಲ್‌ನಲ್ಲಿ ಅಲ್ಲೇ ಹತ್ತು ಹಳದಿ ಅನಕೊಂಡಾ ಸಿಕ್ಕವು. ಇಂಥ ದಾರಿಯಲ್ಲಿ ಬಂದ ಪ್ರಾಣಿಗೆ ಅಂಗಡಿಯಲ್ಲಿ ವೈದ್ಯರನ್ನು ಕರೆಸುವ ಧೈರ್ಯ ಯಾರಿಗಿದ್ದೀತು? ಕರೆಸಿದರೆ ಗುಟ್ಟು ರಟ್ಟಾಗುತ್ತೆ. ಹಾಗಾಗಿ ಕಾಯಿಲೆ ಬಿದ್ದದ್ದು ಹಿಂದಿನ ಕೋಣೆಯಲ್ಲೇ ಸಾಯುತ್ತದೆ.

ಅಗ್ಗದ ಹಕ್ಕಿ, ಮೊಲ, ಹ್ಯಾಮ್‌ಸ್ಟರ್‌ಗೆ ಸ್ವಲ್ಪ ಆಸರೆ ಇರುವುದು 2018ರ ಪೆಟ್ ಶಾಪ್ ನಿಯಮಗಳಲ್ಲಿ. ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿ ಇಲ್ಲದೆ ಅಂಗಡಿ ನಡೆಸುವಂತಿಲ್ಲ, ಪ್ರಮಾಣಪತ್ರ ಎದುರಿಗೇ ಕಾಣಬೇಕು, ತಂದದ್ದು, ಮಾರಿದ್ದು, ಸತ್ತದ್ದು ಎಲ್ಲಕ್ಕೂ ದಾಖಲೆ ಬೇಕು. ನಿಮ್ಮೂರಿನ ಹತ್ತಿರದ ಅಂಗಡಿ ಗೋಡೆಯಲ್ಲಿ ಆ ಪ್ರಮಾಣಪತ್ರ ನೋಡಿದ್ದೀರಾ? ಲಕ್ಷ್ಮೀ ಪಟ ನೋಡಿದ್ದೇನೆ, ಇದನ್ನು ನಾನಂತೂ ನೋಡಿಲ್ಲ.

ಅದಕ್ಕೇ ದೂರು ಬರೆಯುವಾಗ "ಪಾಪ, ಹಿಂಸೆ ಆಗ್ತಿದೆ" ಎಂದಷ್ಟೇ ಬರೆದರೆ ಸಾಲದು. ನೋಂದಣಿ ಇಲ್ಲ, ಖರೀದಿ ದಾಖಲೆ ತೋರಿಸಲಿಲ್ಲ ಎಂದು ಬರೆಯಿರಿ. ಫೋಟೊ, ತಾರೀಖು, ಸಮಯ ಜೊತೆಗಿರಲಿ. ಅಂಗಡಿಯವನ ಜೊತೆ ಜಗಳ ಬೇಡ, ಮರುದಿನಕ್ಕೆ ಸರಕು ಬೇರೆ ಕಡೆ ಸಾಗಿರುತ್ತದೆ. ಜಿಲ್ಲಾ ಪ್ರಾಣಿ ದಯಾ ಸಂಘಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು, ಹಾಗಾಗಿ ಅರ್ಜಿ ಅವರ ಹೆಸರಿಗೇ ಹೋಗಲಿ, ಒಂದು ಪ್ರತಿ ಪಶುಪಾಲನಾ ಇಲಾಖೆಗೆ. ಗಿಳಿ, ನಕ್ಷತ್ರ ಆಮೆ ಕಂಡರೆ ಅರಣ್ಯ ಇಲಾಖೆಗೆ ತಡಮಾಡದೆ ಫೋನ್ ಮಾಡಿ, ಸಹಾಯವಾಣಿ 1926.

ಅಧಿಕಾರಿಗಳು ಹಿಂಜರಿಯುವುದಕ್ಕೂ ಕಾರಣವಿದೆ, ಅದನ್ನು ಮುಚ್ಚಿಡಬೇಕಿಲ್ಲ. ಜಪ್ತಿ ಮಾಡಿದ ಇಗುವಾನಾವನ್ನು ಜೋಗಿಮಟ್ಟಿ ಕಾಡಿಗೆ ಬಿಡಲಾಗದು. ಚಿತ್ರದುರ್ಗದ ಆಡುಮಲ್ಲೇಶ್ವರ ಕಿರು ಮೃಗಾಲಯ ಇಂಥವಕ್ಕೆ ಕಟ್ಟಿದ್ದಲ್ಲ. ಬೆಂಗಳೂರಿಗೆ ಸಾಗಿಸಬೇಕು, ಅಲ್ಲಿ ಜಾಗ ಇರಬೇಕು, ಸಾಕುವ ಖರ್ಚು ಯಾರದ್ದು ಅನ್ನುವುದು ಇತ್ಯರ್ಥವಾಗಬೇಕು. ವಶಕ್ಕೆ ಪಡೆದ ಪ್ರಾಣಿ ಇಡಲು ಜಿಲ್ಲೆಗೊಂದು ಜಾಗ, ಅದರ ಖರ್ಚಿಗೆ ಅಂಗಡಿಗಳ ನೋಂದಣಿ ಶುಲ್ಕ: ಇಷ್ಟನ್ನು ಸರ್ಕಾರ ಮಾಡದೆ ತಪಾಸಣೆಗೆ ಹೋಗಿ ಅಂದರೆ ಯಾರೂ ಹೋಗಲ್ಲ.

ಗಾಡಿ ಬಂತು. ಇಳಿಯುವ ಮುಂಚೆ ಅವರು ಅಂಗಡಿಯ ಬಿಲ್ ಹುಡುಕಿದರು. ಕೊಟ್ಟೇ ಇರಲಿಲ್ಲವಂತೆ.