ಸ್ಕಾಟ್ಲೆಂಡಿನಲ್ಲಿ ಮುತ್ತಜ್ಜ ಕೊಂಡ ಸಮಾಧಿ ಜಾಗ ಎಂದೆಂದಿಗೂ ಕುಟುಂಬದ್ದೇ? 100 ವರ್ಷ ಕಳೆದ ಮೇಲೆ ಏನಾಗುತ್ತದೆ?

ಸ್ಕಾಟ್ಲೆಂಡಿನಲ್ಲಿ ಒಂದು ಚದರ ಅಡಿ ಜಾಗ ಕೊಂಡರೆ ಸಾಕು, ಹೆಸರಿನ ಮುಂದೆ ‘ಲಾರ್ಡ್’ ಎಂದು ಹಾಕಿಕೊಳ್ಳಬಹುದು ಎನ್ನುವ ಜಾಹೀರಾತು ನಿಮ್ಮ ಮೊಬೈಲಿಗೂ ಬಂದಿರಬಹುದು. ಅದು ಸುಳ್ಳು. ಅಂಥ ತುಂಡು ಜಾಗಗಳನ್ನು ಅಲ್ಲಿನ ಭೂ ನೋಂದಣಿಯಲ್ಲಿ ದಾಖಲಿಸುವುದಿಲ್ಲ, ಬಿರುದೂ ಬರುವುದಿಲ್ಲ. ಕೈಯಲ್ಲಿ ಕಾಗದವಿದ್ದರೆ ನೆಲ ನಮ್ಮದು ಎಂಬ ಇದೇ ಬಗೆಯ ತಪ್ಪು ತಿಳಿವಳಿಕೆ ಅಲ್ಲಿನ ಸ್ಮಶಾನಗಳ ಬಗ್ಗೆಯೂ ಇದೆ. ಅದಕ್ಕೆ ಜಾಹೀರಾತು ಕಾರಣವಲ್ಲ, ಮನೆಯ ಹಳೇ ಪೆಟ್ಟಿಗೆಯಲ್ಲಿ ಸಿಕ್ಕಿದ ಒಂದು ಪ್ರಮಾಣಪತ್ರ ಕಾರಣ.

ಸಮಾಧಿಯ ಒಂದು ಜಾಗಕ್ಕೆ ಸ್ಕಾಟ್ಲೆಂಡಿನವರು ‘ಲೇರ್’ ಎನ್ನುತ್ತಾರೆ. ಒಂದು ಲೇರ್‌ನಲ್ಲಿ ಸಾಮಾನ್ಯವಾಗಿ ಒಂದರ ಮೇಲೊಂದರಂತೆ ಎರಡು ಮೂರು ಶವಪೆಟ್ಟಿಗೆಗಳನ್ನು ಇಡಬಹುದು. ಅದನ್ನು ಕೊಂಡವರಿಗೆ ಸ್ಥಳೀಯ ಕೌನ್ಸಿಲ್ ಲೇರ್ ಪ್ರಮಾಣಪತ್ರ ಕೊಡುತ್ತದೆ. ಆದರೆ ಕೊಂಡವರು ನೆಲದ ಮಾಲೀಕರಾಗುವುದಿಲ್ಲ. ನೆಲ ಕೌನ್ಸಿಲ್ಲಿನದೇ. ಅವರಿಗೆ ಸಿಗುವುದು ಹಕ್ಕು ಮಾತ್ರ: ಅಲ್ಲಿ ಯಾರನ್ನು ಹೂಳಬೇಕು, ಕಲ್ಲಿನ ಮೇಲೆ ಯಾವ ಹೆಸರು ಕೆತ್ತಿಸಬೇಕು ಎಂದು ಒಪ್ಪಿಗೆ ಕೊಡುವ ಹಕ್ಕು.

ಹಾಗಾದರೆ ‘ಶಾಶ್ವತ’ ಎಂಬ ಮಾತು ಎಲ್ಲಿಂದ ಬಂತು? 19ನೇ ಶತಮಾನದಿಂದ. ಅದಕ್ಕೂ ಮೊದಲು ಚರ್ಚ್ ಅಂಗಳದ ಹಳೆಯ ಸ್ಮಶಾನಗಳಲ್ಲಿ ಅದೇ ನೆಲವನ್ನು ತಲೆಮಾರಿನಿಂದ ತಲೆಮಾರಿಗೆ ಮತ್ತೆ ಮತ್ತೆ ಅಗೆದು ಹೂಳುತ್ತಿದ್ದರು, ಅದು ಯಾರಿಗೂ ವಿಚಿತ್ರ ಅನಿಸುತ್ತಿರಲಿಲ್ಲ. ಊರುಗಳು ಬೆಳೆದು ಆ ಅಂಗಳಗಳು ತುಂಬಿ ತುಳುಕಿದಾಗ ದೊಡ್ಡ ಸ್ಮಶಾನಗಳು ಬಂದವು. ಪ್ಯಾರಿಸ್ಸಿನ ಪೇರ್ ಲಾಶೇಸ್ ಮಾದರಿಯಲ್ಲಿ ಗ್ಲಾಸ್ಗೋ ನಗರದ ಗುಡ್ಡವೊಂದರ ಮೇಲೆ 1833ರಲ್ಲಿ ನೆಕ್ರೊಪೊಲಿಸ್ ತೆರೆಯಿತು. ಅಲ್ಲಿ ಸುಮಾರು 50,000 ಜನರನ್ನು ಹೂಳಲಾಗಿದೆ, ಆದರೆ ಸ್ಮಾರಕಗಳು ಸುಮಾರು 3,500 ಮಾತ್ರ. ಹೆಸರು ಕೆತ್ತಿದ ಕುಟುಂಬದ ಜಾಗ ಎಂಬುದು ಆಗಲೂ ಹಣವಿದ್ದವರ ಮಾತಾಗಿತ್ತು. 1855ರ ಕಾಯ್ದೆ ಸಮಾಧಿ ಹಕ್ಕನ್ನು ಶಾಶ್ವತವಾಗಿಯೂ ಮಾರಲು ಅವಕಾಶ ಕೊಟ್ಟಿತು. ನಮಗೆ ಅನಾದಿ ಕಾಲದ ಪದ್ಧತಿಯಂತೆ ಕಾಣುವುದು ಇನ್ನೂರು ವರ್ಷವೂ ತುಂಬದ ಏರ್ಪಾಡು.

ಈಗ ಬಹಳಷ್ಟು ಕಡೆ ಜಾಗ ಮುಗಿಯುತ್ತಿದೆ. 2016ರಲ್ಲಿ ಸ್ಕಾಟ್ಲೆಂಡ್ ಸಂಸತ್ತು ಹೊಸ ಸಮಾಧಿ ಮತ್ತು ಶವದಹನ ಕಾಯ್ದೆ ತಂದಿತು. ಇದರ ಎಲ್ಲ ಭಾಗಗಳೂ ಒಂದೇ ದಿನ ಜಾರಿಯಾಗಲಿಲ್ಲ, ಹಂತ ಹಂತವಾಗಿ ಬಂದವು. ಹೊಸದಾಗಿ ಮಾರುವ ಹಕ್ಕಿಗೆ ಈ ಕಾಯ್ದೆ ಇಟ್ಟ ಅವಧಿ 25 ವರ್ಷ. ಬೇಕಾದವರು ನಂತರ 10 ವರ್ಷಗಳ ಕಂತಿನಲ್ಲಿ ಮುಂದುವರಿಸಿಕೊಳ್ಳಬಹುದು. ಜನರಿಗೆ ಹೆಚ್ಚು ದಿಗಿಲು ಹುಟ್ಟಿಸಿದ್ದು ಇದಲ್ಲ, ಹಳೆಯ ಲೇರ್‌ಗಳನ್ನು ಮತ್ತೆ ಬಳಕೆಗೆ ತರುವ ಭಾಗ.

ಮೂಳೆಗಳನ್ನು ಹೊರಗೆ ಎಸೆಯುತ್ತಾರಾ?

ಇಲ್ಲ. ಕೊನೆಯ ಶವಸಂಸ್ಕಾರವಾಗಿ ಕನಿಷ್ಠ 100 ವರ್ಷ ಕಳೆದಿರಬೇಕು, ಲೇರ್ ಯಾರೂ ಕೇಳದೆ ಬಿಟ್ಟಂತೆ ಕಾಣಬೇಕು. ಕೌನ್ಸಿಲ್ ನೋಟಿಸು ಕೊಟ್ಟು ಹಕ್ಕುದಾರರನ್ನು ಹುಡುಕಬೇಕು. ಹಕ್ಕುದಾರರು ಬಂದು ಆಕ್ಷೇಪಿಸಿದರೆ ಅಲ್ಲಿಗೆ ನಿಂತಿತು. ಯಾರೂ ಬಾರದಿದ್ದರೆ, ಉಳಿದಿರುವ ಅಸ್ಥಿಯನ್ನು ಅದೇ ಗುಂಡಿಯಲ್ಲಿ ಇನ್ನಷ್ಟು ಆಳಕ್ಕೆ ಇಳಿಸಿ, ಮೇಲೆ ಹೊಸದಕ್ಕೆ ಜಾಗ ಮಾಡುವುದು ಇದರ ಹಿಂದಿರುವ ಯೋಚನೆ. ಲಂಡನ್ ನಗರದಲ್ಲಿ ಇದಕ್ಕೂ ಕಡಿಮೆ, 75 ವರ್ಷಕ್ಕೇ ಇಂಥ ಅವಕಾಶವಿದೆ.

ನೂರು ವರ್ಷದ ನಂತರ ಒಳಗೆ ಏನಿರುತ್ತದೆ ಎಂಬುದನ್ನು ಮಣ್ಣು ತೀರ್ಮಾನಿಸುತ್ತದೆ. ಹುಳಿ ಗುಣದ ಮಣ್ಣು ಮೂಳೆಯಲ್ಲಿರುವ ಖನಿಜವನ್ನೇ ಕರಗಿಸುತ್ತದೆ, ಕೆಲವೊಮ್ಮೆ ಕುರುಹೂ ಉಳಿಯುವುದಿಲ್ಲ. ನೀರು ನಿಲ್ಲುವ ಜೇಡಿಮಣ್ಣಿನಲ್ಲಿ ಗಾಳಿ ಆಡದೆ ದೇಹದ ಕೊಬ್ಬು ಮೇಣದಂತಾಗಿ, ಕೊಳೆಯುವುದು ತುಂಬಾ ನಿಧಾನವಾಗುತ್ತದೆ. ಹಾಗಾಗಿ 100 ಎಂಬುದು ವಿಜ್ಞಾನ ಹೇಳಿದ ಗಡುವಲ್ಲ. ನನಗೆ ಅನಿಸುವ ಮಟ್ಟಿಗೆ, ಸತ್ತವರನ್ನು ಕಣ್ಣಾರೆ ಕಂಡವರು ಬದುಕಿರಲಾರರು ಎಂಬ ಲೆಕ್ಕವೂ ಅದರಲ್ಲಿದೆ.

ನಿಜವಾದ ತೊಡಕು ದಾಖಲೆಯಲ್ಲಿದೆ. ನಮ್ಮಲ್ಲಿ ಪೌತಿ ಖಾತೆ ಆಗದೆ ಪಹಣಿ ಇನ್ನೂ ಮುತ್ತಜ್ಜನ ಹೆಸರಿನಲ್ಲೇ ಉಳಿದುಬಿಡುತ್ತದಲ್ಲ, ಹಾಗೆಯೇ ಅಲ್ಲಿ ಅನೇಕ ಲೇರ್‌ಗಳು ತೀರಿಕೊಂಡವರ ಹೆಸರಿನಲ್ಲೇ ಇವೆ. ಮಕ್ಕಳು ಗ್ಲಾಸ್ಗೋ ಬಿಟ್ಟು ಕೆನಡಾಕ್ಕೋ ಆಸ್ಟ್ರೇಲಿಯಾಕ್ಕೋ ಹೋಗಿರುತ್ತಾರೆ. ಮನೆಯಲ್ಲಿ ಸಾವಾದ ದಿನವೇ ಗೊತ್ತಾಗುತ್ತದೆ, ಗುಂಡಿ ತೆರೆಯಲು ಒಪ್ಪಿಗೆ ಕೊಡಬೇಕಾದ ಹಕ್ಕುದಾರ ತೀರಿಕೊಂಡೇ ಅರವತ್ತು ವರ್ಷವಾಗಿದೆ ಎಂದು. ಆಗ ಉಯಿಲು, ಮರಣ ಪ್ರಮಾಣಪತ್ರ, ದಾಯಾದಿಗಳ ಒಪ್ಪಿಗೆ ಎಂದು ಅಲೆದಾಟ. ಕೌನ್ಸಿಲ್ ಕಳಿಸುವ ನೋಟಿಸೂ ಹೋಗುವುದು ಅದೇ ಹಳೇ ವಿಳಾಸಕ್ಕೆ.

ಹಕ್ಕಿನ ಜೊತೆ ಹೊಣೆಯೂ ಇದೆ. ನೆಟ್ಟಿರುವ ಕಲ್ಲನ್ನು ನೋಡಿಕೊಳ್ಳಬೇಕಾದವರು ಲೇರ್‌ನ ಹಕ್ಕುದಾರರು. ಹಕ್ಕುದಾರರೇ ಸಿಗದ ಕಲ್ಲು ವರ್ಷಾನುಗಟ್ಟಲೆ ವಾಲಿಕೊಂಡು ನಿಂತಿರುತ್ತದೆ. 2015ರಲ್ಲಿ ಗ್ಲಾಸ್ಗೋದ ಕ್ರೇಗ್ಟನ್ ಸ್ಮಶಾನದಲ್ಲಿ ಆಡುತ್ತಿದ್ದ ಬಾಲಕನೊಬ್ಬನ ಮೇಲೆ ಸಮಾಧಿ ಕಲ್ಲು ಬಿದ್ದು ಆತ ಸತ್ತ. ಅಲ್ಲಿನ ಸ್ಮಶಾನಗಳಲ್ಲಿ ಕಲ್ಲುಗಳನ್ನು ಮಲಗಿಸಿಟ್ಟಿರುವುದನ್ನು ನೋಡಿ ಯಾರೋ ಕಿಡಿಗೇಡಿಗಳ ಕೆಲಸ ಎಂದುಕೊಳ್ಳಬೇಡಿ. ಹಲವು ಸಲ ಅದು ಅಲುಗಾಡುವ ಕಲ್ಲನ್ನು ಪರೀಕ್ಷಿಸಿ ಕೌನ್ಸಿಲ್ಲಿನವರೇ ಮಲಗಿಸಿದ್ದು.

ನಿಮ್ಮ ಪರಿಚಯದವರ ಕುಟುಂಬಕ್ಕೆ ಅಲ್ಲೊಂದು ಲೇರ್ ಇದ್ದರೆ ಅವರು ಕೇಳಬೇಕಾದ್ದು ಸಂಬಂಧಪಟ್ಟ ಕೌನ್ಸಿಲ್ಲಿನ ಸ್ಮಶಾನ ವಿಭಾಗವನ್ನು: ನೋಂದಣಿ ಪುಸ್ತಕದಲ್ಲಿ ಈಗ ಯಾರ ಹೆಸರಿದೆ, ಕೊನೆಯ ಶವಸಂಸ್ಕಾರ ಯಾವ ವರ್ಷದ್ದು, ಹಕ್ಕನ್ನು ಬದುಕಿರುವವರ ಹೆಸರಿಗೆ ಬದಲಿಸಲು ಯಾವ ಕಾಗದ ಬೇಕು. ಪ್ರಮಾಣಪತ್ರ ಕಳೆದುಹೋಗಿದ್ದರೂ ವಿಚಾರಿಸಬಹುದು, ಹೂಳಿದವರ ಹೆಸರು ಮತ್ತು ದಿನಾಂಕ ಕೈಯಲ್ಲಿದ್ದರೆ ಹುಡುಕುವುದು ಸುಲಭ.