ತಂದ ಲಾರಿಯೇ ಒಯ್ಯಲಿ

ದಾವಣಗೆರೆಯಲ್ಲಾಗಲಿ ಹರಿಹರದಲ್ಲಾಗಲಿ ಹೊಸ ಟೆಲಿವಿಷನ್ ಕೊಳ್ಳುವವನಿಗೆ ಯಾವ ತೊಂದರೆಯೂ ಇಲ್ಲ. ಬೆಂಗಳೂರಿನಿಂದ ಸುಮಾರು 260 ಕಿಲೋಮೀಟರು ದಾಟಿ ಲಾರಿ ಬೆಳಗಾಗುವುದರೊಳಗೆ ಬಂದು ನಿಲ್ಲುತ್ತದೆ. ಅಂಗಡಿಯವರು ಮನೆಬಾಗಿಲಿಗೇ ಮುಟ್ಟಿಸುತ್ತಾರೆ. ಅದೇ ಪೆಟ್ಟಿಗೆ ಕೆಟ್ಟು ಕುಳಿತ ದಿನ ಕೇಳುವವರು ಯಾರು? ಅಟ್ಟದ ಮೇಲೆ ಧೂಳು ಹಿಡಿಯುತ್ತದೆ, ಇಲ್ಲವೆ ಗುಜರಿಯವನ ತಳ್ಳುಗಾಡಿ ಸೇರುತ್ತದೆ.

"ಹಳೆಯದನ್ನು ಕೊಟ್ಟು ಹೊಸದನ್ನು ಒಯ್ಯಿರಿ" ಎಂಬ ಹಬ್ಬದ ಜಾಹೀರಾತನ್ನು ನಾವೂ ಕಂಡಿದ್ದೇವೆ. ಹಾಗೆ ಕೊಟ್ಟ ಹಳೆಯದು ಎಲ್ಲಿಗೆ ಹೋಯಿತೆಂಬ ರಶೀದಿಯನ್ನು ಮಾತ್ರ ಕಂಡಿಲ್ಲ.

ಗುಜರಿಗೆ ಹೋದದ್ದರ ಗತಿ ಏನು? ತಾಮ್ರಕ್ಕಾಗಿ ತಂತಿ ಸುಡುತ್ತಾರೆ. ಚೂರು ಚಿನ್ನಕ್ಕಾಗಿ ಹಲಗೆಗಳನ್ನು ಆಮ್ಲದಲ್ಲಿ ಅದ್ದುತ್ತಾರೆ. ಹಳೆಯ ಟಿ.ವಿ.ಯ ಗಾಜಿನಲ್ಲಿ ಸೀಸವಿದೆ, ಟ್ಯೂಬ್‌ಲೈಟಿನಲ್ಲಿ ಪಾದರಸವಿದೆ. ಲಾಭ ಮಾರಿದವನಿಗೆ, ಹೊಗೆ ದುಡಿಯುವವನ ಎದೆಗೆ! ವಿಷ ನೆಲಕ್ಕಿಳಿದರೆ ನೀರಿಗೂ ಇಳಿಯುತ್ತದೆಂಬುದನ್ನು ತುಂಗಭದ್ರೆಯ ದಂಡೆಯ ಜನರಿಗೆ ಹೇಳಿಕೊಡಬೇಕೆ?

ಕಾನೂನು ಇಲ್ಲದಿಲ್ಲ. 2011ರಲ್ಲಿ ನಿಯಮ ಬಂತು, 2016ರಲ್ಲಿ ಬದಲಾಯಿತು, 2022ರಲ್ಲಿ ಮತ್ತೆ ಬರೆದು 2023ರ ಏಪ್ರಿಲ್ 1ರಿಂದ ಜಾರಿಗೆ ತಂದರು. 2016ರ ನಿಯಮದಲ್ಲಿ ಸಂಗ್ರಹ ಕೇಂದ್ರ, ಠೇವಣಿ ವಾಪಸು ಎಂಬ ಮಾತುಗಳಾದರೂ ಇದ್ದವು. ಈಗಿನದರ ಜೀವಾಳ ಸರ್ಟಿಫಿಕೇಟು. ನೋಂದಾಯಿತ ಮರುಬಳಕೆ ಕಾರ್ಖಾನೆಯಿಂದ ಅದನ್ನು ಕೊಂಡರೆ ಕಂಪನಿಯ ಹೊಣೆ ತೀರಿತು. 2025-26ಕ್ಕೆ ನೂರಕ್ಕೆ 70ರ ಗುರಿಯಿದೆ. ಆದರೆ ದಾವಣಗೆರೆಯಿಂದ ಇಷ್ಟು, ಹರಿಹರದಿಂದ ಇಷ್ಟು ಎಂಬ ಲೆಕ್ಕ ಅದರಲ್ಲಿಲ್ಲ. ರಾಜಧಾನಿಯ ಸುತ್ತಲಿನದನ್ನೇ ಬಳಿದು ಗುರಿ ಮುಟ್ಟಿಸಿದರೆ ಜಿಲ್ಲೆಯ ಊರುಗಳನ್ನು ಕೇಳುವವರಿಲ್ಲ. ಲೋಕದ ಸ್ಥಿತಿಯೂ ಬೇರೆಯಿಲ್ಲ: 2022ರಲ್ಲಿ ಜಗತ್ತಿನಲ್ಲಿ ಇಂಥ ಕಸ 6 ಕೋಟಿ 20 ಲಕ್ಷ ಟನ್ನು, ಕ್ರಮಬದ್ಧವಾಗಿ ಸಂಗ್ರಹವಾದದ್ದು ನೂರಕ್ಕೆ 22ರಷ್ಟು ಮಾತ್ರವೆಂದು ವಿಶ್ವಸಂಸ್ಥೆಯ ವರದಿಯೇ ಹೇಳಿದೆ.

ಸಾಗಾಣಿಕೆಯ ಖರ್ಚು ಹೆಚ್ಚೆಂದು ಮಾಲೀಕರು ಹೇಳುತ್ತಾರೆ. ಅಡಿಗೆ ಅನಿಲದ ಸಿಲಿಂಡರನ್ನು ನೋಡಿರಿ! ತುಂಬಿದ್ದನ್ನು ಇಳಿಸಿದ ಗಾಡಿಯೇ ಖಾಲಿಯದನ್ನು ಏರಿಸಿಕೊಂಡು ಹೋಗುತ್ತದೆ. ಠೇವಣಿಯೂ ಇದೆ, ಲೆಕ್ಕವೂ ಇದೆ. ಸಿಲಿಂಡರಿಗೆ ಆಗುವುದು ಟಿ.ವಿ.ಗೆ ಏಕೆ ಆಗದು? ಒಂದೊಂದೇ ಪೆಟ್ಟಿಗೆ ಕಳಿಸಿದರೆ ಖರ್ಚು ನಿಜ. ಊರಲ್ಲಿ ಒಂದು ಗೋದಾಮಿನಲ್ಲಿ ಕೂಡಿಸಿ, ಸರಕು ಇಳಿಸಿ ಹೇಗೂ ಹಿಂತಿರುಗುವ ಲಾರಿಗೆ ತುಂಬಿದರೆ ತಲೆಗೆ ಬೀಳುವ ಬಾಡಿಗೆ ಅಲ್ಪ. ಗೋದಾಮಿನಲ್ಲೇ ಬೇರ್ಪಡಿಸಿದರೆ ರಿಪೇರಿಯಾಗುವಂಥದು ನಮ್ಮ ಮೆಕ್ಯಾನಿಕರ ಕೈಗೆ ಸೇರಿ ಅರ್ಧ ಹೊರೆ ಇಲ್ಲಿಯೇ ಇಳಿಯಬಹುದು.

ಇದರ ಹೆಸರಿನಲ್ಲಿ ಗುಜರಿಯವನನ್ನು ಓಡಿಸುವ ಹುನ್ನಾರಕ್ಕೆ ನಾವು ಒಪ್ಪುವುದಿಲ್ಲ. ಇಷ್ಟು ದಿನ ಬೀದಿಬೀದಿ ಸುತ್ತಿ ಹೊತ್ತವನು ಅವನೇ. ಅವನಿಗೆ ಗುರುತಿನ ಚೀಟಿ, ಕೈಗವಸು, ತೂಕಕ್ಕೆ ತಕ್ಕ ದರ, ಸಹಕಾರ ಸಂಘ ಬೇಕು. ಸುಡುವ ಕೆಲಸ ನಿಲ್ಲಬೇಕು.

ಆದುದರಿಂದ ನಾವು ಒತ್ತಾಯಿಸುವುದು ಇಷ್ಟು: ಮಾರುವ ಅಂಗಡಿ ಹಳೆಯದನ್ನು ರಶೀದಿ ಕೊಟ್ಟು ಪಡೆಯಲಿ, ದಾವಣಗೆರೆ ಮಹಾನಗರಪಾಲಿಕೆಯೂ ಹರಿಹರ ನಗರಸಭೆಯೂ ತೂಕದ ತಕ್ಕಡಿಯಿರುವ ಗೋದಾಮು ತೆರೆಯಲಿ, ಲಾರಿ ಬಾಡಿಗೆಯನ್ನು ಕಂಪನಿಯೇ ತೆರಲಿ, ಎಷ್ಟು ಬಂತು, ಎಲ್ಲಿಗೆ ಹೋಯಿತೆಂಬ ಲೆಕ್ಕವನ್ನು ತಿಂಗಳಿಗೊಮ್ಮೆ ಬಾಗಿಲಿಗೆ ಅಂಟಿಸಲಿ.

ತಂದು ಮಾರಲು ದಾರಿ ಬಲ್ಲವರಿಗೆ ಹಿಂದಕ್ಕೆ ಒಯ್ಯಲು ದಾರಿ ತಿಳಿಯದೆಂದರೆ ನಾವು ನಂಬುವುದಿಲ್ಲ.