ಹಳೆಯ ಗಣಕದಲ್ಲಿರುವ ಕನ್ನಡ

ಮೈಕ್ರೋಸಾಫ್ಟ್ ಸಂಸ್ಥೆಯವರು ವಿಂಡೋಸ್ ೧೦ ಎಂಬ ಕಾರ್ಯಾಚರಣ ವ್ಯವಸ್ಥೆಗೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ೨೦೨೫ನೆಯ ಇಸವಿ ಅಕ್ಟೋಬರ್ ೧೪ರಂದು ನಿಲ್ಲಿಸಿದರಷ್ಟೆ. ಅಂದಿನಿಂದ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ವಾಚಕರಲ್ಲಿ ಅನೇಕರು ನಮ್ಮನ್ನು ಒಂದೇ ಪ್ರಶ್ನೆ ಕೇಳುತ್ತಿದ್ದಾರೆ. ಮನೆಯ ಯಂತ್ರವೇನೋ ಕೆಟ್ಟಿಲ್ಲ. ಆದರೆ ವಿಂಡೋಸ್ ೧೧ಕ್ಕೆ ಅವಶ್ಯವಾದ ಟಿಪಿಎಂ ಎಂಬ ಭದ್ರತಾಭಾಗದ ಎರಡನೆಯ ಆವೃತ್ತಿಯಾಗಲಿ, ಸಂಸ್ಥೆಯವರು ಒಪ್ಪುವ ಪ್ರೊಸೆಸರಾಗಲಿ ಅದರಲ್ಲಿ ಇಲ್ಲ. ಹೊಸ ಯಂತ್ರಕ್ಕೆ ಹಣ ಸುರಿಯಬೇಕೆ, ಇಲ್ಲವೆ ಕ್ರಯವಿಲ್ಲದೆ ದೊರೆಯುವ ಲಿನಕ್ಸನ್ನು ಹಳೆಯ ಯಂತ್ರದಲ್ಲಿಯೇ ನೆಲೆಗೊಳಿಸಬಹುದೆ?

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಕಾಗದಪತ್ರ ಬರೆಯುವುದು, ಪಹಣಿ ನೋಡುವುದು, ಮಕ್ಕಳ ಪಾಠ, ದೂರದ ಬಂಧುಗಳೊಡನೆ ಮಾತುಕತೆ, ಇಷ್ಟೇ ಕೆಲಸವಿರುವ ಮನೆಗೆ ಲಿನಕ್ಸ್ ಧಾರಾಳವಾಗಿ ಸಾಕು. ಟ್ಯಾಲಿಯಲ್ಲಿ ಅಂಗಡಿಯ ಲೆಕ್ಕವಿಟ್ಟಿರುವ ವರ್ತಕರು ಮಾತ್ರ ಈ ಗೊಡವೆಗೆ ಹೋಗದಿರುವುದು ಲೇಸು. ಆ ತಂತ್ರಾಂಶವು ವಿಂಡೋಸಿಗಾಗಿಯೇ ರಚಿತವಾದುದು. ಉಳಿದವರು ಹೆದರಬೇಕಾದುದಿಲ್ಲ. ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳು ಕೇರಳ ಸರಕಾರದ ಏರ್ಪಾಡಿನಂತೆ ಬಹು ವರ್ಷಗಳಿಂದ ಲಿನಕ್ಸಿನಲ್ಲಿಯೇ ಗಣಕವನ್ನು ಕಲಿಯುತ್ತಿದ್ದಾರೆ. ‘ಸಿ ಡ್ರೈವ್ ಎಲ್ಲಿ ಹೋಯಿತು?’ ಎಂದು ಮನೆಯ ಯಜಮಾನರು ನಾಲ್ಕು ದಿನ ಹುಡುಕುವರು. ಐದನೆಯ ದಿನ ‘ಹೋಮ್’ ಎಂಬ ಕೋಶಕ್ಕೆ ಒಗ್ಗಿಕೊಳ್ಳುವರು. ಹೊಸ ತಂತ್ರಾಂಶವನ್ನು ಸೇರಿಸುವಾಗಲೆಲ್ಲ ಗುಪ್ತಪದವನ್ನು ಕೇಳುವುದು ಮೊದಮೊದಲು ಕಿರಿಕಿರಿಯೇ ಸರಿ. ಮನೆಯಲ್ಲಿ ತುಂಟ ಹುಡುಗರಿದ್ದರೆ ಅದೇ ವರವೆನಿಸುವುದೂ ಉಂಟು.

ನಿಜವಾದ ಅಪಾಯವಿರುವುದು ಹೊಸದನ್ನು ಕಲಿಯುವುದರಲ್ಲಲ್ಲ, ಹಿಂದೆ ಬರೆದಿಟ್ಟ ಕನ್ನಡದಲ್ಲಿ. ಶೇಷಾದ್ರಿವಾಸು ಅವರು ೧೯೯೮ರಲ್ಲಿ ಹೊರತಂದ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತಿನವರು ಸಿದ್ಧಪಡಿಸಿದ ‘ನುಡಿ’, ಇವೆರಡೂ ನಮ್ಮ ಭಾಷೆಗೆ ಮಾಡಿರುವ ಉಪಕಾರ ಅಲ್ಪವಲ್ಲ. ಆದರೆ ಆ ಕಾಲದ ಪದ್ಧತಿಯಲ್ಲಿ ಯಂತ್ರದೊಳಗೆ ಉಳಿಯುತ್ತಿದ್ದುದು ಕನ್ನಡದ ಅಕ್ಷರವಲ್ಲ. ಇಂಗ್ಲಿಷ್ ಮೊದಲಾದ ಯೂರೋಪಿನ ಲಿಪಿಗಳಿಗೆ ಮೀಸಲಾಗಿದ್ದ ಸಂಖ್ಯೆಗಳು. ಅವುಗಳಿಗೆ ಕನ್ನಡದ ವೇಷವನ್ನು ತೊಡಿಸುತ್ತಿದ್ದುದು ಫಾಂಟು. ಆ ಫಾಂಟಿಲ್ಲದ ಹೊಸ ವ್ಯವಸ್ಥೆಯಲ್ಲಿ ನುಡಿಯ ಕಡತವನ್ನು ತೆರೆದರೆ ವೇಷ ಕಳಚಿಬೀಳುವುದು. ‘ಕನ್ನಡ’ ಎಂದು ಬರೆದಿದ್ದೆಡೆಯಲ್ಲಿ ಕಕಾರಕ್ಕೆ ಬದಲಾಗಿ ಇಂಗ್ಲಿಷಿನ ದೊಡ್ಡ ಪೀ ಅಕ್ಷರವೂ, ನಕಾರಕ್ಕೆ ಬದಲಾಗಿ ಬಿಲಾತಿಯ ಪೌಂಡು ನಾಣ್ಯದ ಗುರುತೂ ಕಾಣಿಸುವುವು. ೧೯೯೧ರ ಯೂನಿಕೋಡ್ ಪದ್ಧತಿಯಲ್ಲಿಯೇ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ತನ್ನದೇ ಸಂಖ್ಯೆ ದೊರೆತಿದ್ದರೂ ಮನೆಗಳಲ್ಲಿ ಹಳೆಯ ರೂಢಿಯೇ ಬಹುಕಾಲ ನಡೆಯಿತು.

ಗಡಿನಾಡಾದ ನಮ್ಮ ಸೀಮೆಯಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರಿದೆ. ಎಷ್ಟೋ ಮನೆಗಳಲ್ಲಿ ಆಡುವ ಮಾತು ತೆಲುಗು, ಬರೆಯುವ ಲಿಪಿ ಕನ್ನಡ. ಶ್ರೀನಿವಾಸಪುರದ ಕಡೆಯ ಗೃಹಿಣಿಯೊಬ್ಬರು ತಮ್ಮ ಅತ್ತೆಯವರ ಬಾಯಿಂದ ಕೇಳಿದ ನಲುಗಿನ ಹಾಡುಗಳನ್ನೂ ಜೋಲಪಾಟಗಳನ್ನೂ ಕನ್ನಡ ಲಿಪಿಯಲ್ಲಿ, ನುಡಿಯಲ್ಲಿ ಬರೆದಿಟ್ಟಿದ್ದರು. ಆ ಹಿರಿಯರು ಈಗಿಲ್ಲ. ಮಗನು ಯಂತ್ರಕ್ಕೆ ಲಿನಕ್ಸನ್ನು ಹಾಕಿಕೊಟ್ಟ ಮೇಲೆ ಕಡತವನ್ನು ತೆರೆದರೆ ಒಂದಕ್ಷರವೂ ಓದಲು ಬರಲಿಲ್ಲ. ಅದು ಹಾಳಾಯಿತೆಂದು ಭಾವಿಸಿ ಅಳಿಸಿಹಾಕುವುದರಲ್ಲಿದ್ದರು. ಹಾಳಾಗಿರಲಿಲ್ಲ, ನುಡಿಯ ಫಾಂಟನ್ನು ತಂದು ಸೇರಿಸಿದೊಡನೆ ಹಾಡುಗಳೆಲ್ಲವೂ ಮೊದಲಿನಂತೆ ಕಾಣಿಸಿದುವು. ಈ ಸಂಗತಿ ನಮ್ಮ ಕಿವಿಗೆ ಬಿದ್ದ ಮೇಲೆಯೇ ಇದನ್ನು ಬರೆಯಬೇಕೆನಿಸಿತು. ಅಚ್ಚಾದ ಪುಸ್ತಕ ಕಳೆದರೆ ಇನ್ನೊಂದು ಪ್ರತಿ ದೊರೆತೀತು. ಇಂಥ ಹಾಡಿಗೆ ಇನ್ನೊಂದು ಪ್ರತಿ ಎಲ್ಲಿಯದು?

ಆದಕಾರಣ ಹಳೆಯ ವ್ಯವಸ್ಥೆಯನ್ನು ಅಳಿಸುವುದಕ್ಕೆ ಮುಂಚೆ, ಅದರಲ್ಲಿಯೇ ಕುಳಿತು, ಕನ್ನಡದ ಕಡತಗಳನ್ನೆಲ್ಲ ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಅದಕ್ಕೆ ಬೇಕಾದ ಪರಿವರ್ತಕವು ನುಡಿಯಲ್ಲಿಯೂ ಬರಹದಲ್ಲಿಯೂ ಉಂಟು. ಮೂಲ ಕಡತಗಳನ್ನೂ ಅವುಗಳ ಫಾಂಟುಗಳನ್ನೂ ಪೆನ್ ಡ್ರೈವಿನಲ್ಲಿ ಪ್ರತ್ಯೇಕವಾಗಿ ತೆಗೆದಿಡಬೇಕು. ಪರಿವರ್ತನೆಯಲ್ಲಿ ಅರ್ಕಾವೊತ್ತು, ಒತ್ತಕ್ಷರಗಳು ಅಲ್ಲಲ್ಲಿ ಸ್ಥಾನ ತಪ್ಪಬಹುದಾದ್ದರಿಂದ ಮನೆಯವರೊಬ್ಬರು ಕೂತು ಓದಿ ತಿದ್ದುವುದು ಅವಶ್ಯ. ತೆಲುಗಿನ ಬರವಣಿಗೆಯಾದರೆ ತಿದ್ದುವವರಿಗೆ ಎರಡು ಭಾಷೆಯೂ ಬರಬೇಕು. ಕನ್ನಡವನ್ನು ಮಾತ್ರ ಬಲ್ಲ ಹುಡುಗನ ಕೈಗೆ ಕೊಟ್ಟರೆ ಹಾಡೆಂಬ ಅರ್ಥದ ‘ಪಾಟ’ವನ್ನೆಲ್ಲ ಅವನು ಬಲು ಶ್ರದ್ಧೆಯಿಂದ ‘ಪಾಠ’ ಮಾಡಿಟ್ಟಾನು!

ಯಂತ್ರವನ್ನು ಮುಟ್ಟದೆಯೇ ಲಿನಕ್ಸನ್ನು ಪೆನ್ ಡ್ರೈವಿನಿಂದ ನಡೆಸಿ ನೋಡುವ ಅನುಕೂಲವೂ ಇದೆ. ಆ ಪರೀಕ್ಷೆಯಲ್ಲಿ ಮುದ್ರಣಯಂತ್ರವು ಒಂದು ಹಾಳೆಯನ್ನಾದರೂ ಅಚ್ಚುಮಾಡುವುದೇ ಎಂಬುದನ್ನು ನೋಡಿಕೊಳ್ಳಬೇಕು.

ಕೈಗೆ ಕೂತ ಕೀಲಿಮಣೆ ಹೋದೀತೆಂಬ ಅಂಜಿಕೆ ಮಾತ್ರ ಬೇಡ. ಕೆ. ಪಿ. ರಾವ್ ಅವರ ಏರ್ಪಾಟನ್ನು ಆಧರಿಸಿದ ನುಡಿಯ ವಿನ್ಯಾಸವೇ ಲಿನಕ್ಸಿನಲ್ಲಿ ‘ಕಗಪ’ ಎಂಬ ಹೆಸರಿನಿಂದ ಇದೆ; ಕನ್ನಡ ಗಣಕ ಪರಿಷತ್ತಿನ ಮೊದಲಕ್ಷರಗಳೇ ಅವು. ತೆಲುಗು, ಹಿಂದಿ, ಮರಾಠಿ, ಸಂಸ್ಕೃತಗಳ ವಿನ್ಯಾಸಗಳಿಗೂ ಅಲ್ಲಿ ಇದೇ ಹೆಸರಿರುವುದನ್ನು ಕಂಡು ನಮಗೆ ಸಂತೋಷವಾಯಿತು. ಕೀಲಿಮಣೆಯ ಪಟ್ಟಿಯಲ್ಲಿ ಕನ್ನಡವನ್ನು ಆರಿಸಿ, ಅದರಡಿಯಲ್ಲಿ ಕಗಪವನ್ನು ಸೇರಿಸಿಕೊಂಡರಾಯಿತು. ಒತ್ತಕ್ಷರಕ್ಕೆ ಎಫ್ ಕೀಲಿಯನ್ನು ಒತ್ತುವ ಹಳೆಯ ಅಭ್ಯಾಸವೇ ಅಲ್ಲಿಯೂ ನಡೆಯುವುದು.